ಮೈದುನನ ಪಾಲು

ಹೋದವನ ಪಾಲು ವಾಪಸ್ಸು ಬರಬೇಕಿತ್ತು. ಬಂದಿರಲಿಲ್ಲ.

ಅವನು ಅದೇ ಆದೇಶವನ್ನು ಇನ್ನೊಮ್ಮೆ ಒತ್ತಿದ. ಪರದೆ ಅದೇ ಉತ್ತರ ಕೊಟ್ಟಿತು. ಮೂರನೆಯ ಸರ್ವರ್‌ನ ಮೆಮೊರಿಯಲ್ಲಿ ಬಿಡುವಾಗಿದ್ದ ಜಾಗ ಅದು ಕೆಟ್ಟುನಿಂತ ದಿನದಷ್ಟೇ, ಉಗುರಿನಷ್ಟು. ಮೆಮೊರಿಯನ್ನೆಲ್ಲ ತಿಂದುಹಾಕುತ್ತಿದೆ ಎಂದು ಅವನು ಎಲ್ಲರೆದುರು ಬೆರಳು ಮಾಡಿ ತೋರಿಸಿದ್ದ ಪ್ರೋಗ್ರಾಂ ನಿಂತು ಎರಡು ವಾರವಾಗಿತ್ತು. ತಿನ್ನುವವನು ಎದ್ದುಹೋದ ಮೇಲೂ ಪಾತ್ರೆಯ ತಳವೇ ಕಾಣುತ್ತಿದ್ದರೆ, ತಿಂದವರು ಬೇರೆ ಯಾರೋ ಇರಬೇಕು.

ಆ ಪ್ರೋಗ್ರಾಂ ಬರೆದವನು ಅವನ ಮೈದುನ, ಹೆಂಡತಿಯ ತಮ್ಮ. ಮಧ್ಯಾಹ್ನ ಮೀಟಿಂಗ್ ಇತ್ತು. ಮೈದುನನನ್ನು ಕೆಲಸದಲ್ಲಿ ಉಳಿಸಿಕೊಳ್ಳುವುದೋ ಕಳಿಸುವುದೋ ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು.

ಯಂತ್ರದೊಳಗೆ ಓಡುತ್ತಿದ್ದವುಗಳ ಸಾಲಿನಲ್ಲಿ ಕಂಡ ಯಾವುದೋ ಒಂದು ಪ್ರಾಸೆಸ್ಸನ್ನು ಆರಿಸಿ ಅದರ ಹೊಟ್ಟೆಯೊಳಗೆ ಇಣುಕಿದ. ಎಂಟು ಜಿಬಿ ಬಳಸುತ್ತಿದ್ದೇನೆ ಎಂದು ಅದು ಹೇಳಿಕೊಳ್ಳುತ್ತಿತ್ತು. ಒಳಗೆ ನೋಡಿದರೆ ಅದರ ಸ್ವಂತದ್ದು ಚಿಟಿಕೆಯಷ್ಟು. ಉಳಿದದ್ದೆಲ್ಲ ಡೇಟಾಬೇಸಿನ ಹಂಚಿಕೆಯ ಜಾಗ, ಎಲ್ಲ ಪ್ರಾಸೆಸ್ಸುಗಳೂ ಒಟ್ಟಾಗಿ ಬಳಸುವ ಒಂದೇ ಜಾಗ. ಪಕ್ಕದ ಪ್ರಾಸೆಸ್ಸೂ ಎಂಟು ಎನ್ನುತ್ತಿತ್ತು. ಅದರ ಪಕ್ಕದ್ದೂ ಎಂಟು. ಎಲ್ಲವೂ ತೋರಿಸುತ್ತಿದ್ದದ್ದು ಅದೇ ಎಂಟನ್ನು.

ಅವನು ಸಾಲಿನ ಕೊನೆಯವರೆಗೂ ಒಂದೊಂದನ್ನೇ ತೆರೆದು ನೋಡಿದ.

ಕಾಲೇಜಿನ ಹುಡುಗರಿಗೆ ಹೇಳಿಕೊಡುವ ವಿಷಯ. ಒಂದು ಮನೆಯಲ್ಲಿ ನಾಲ್ಕು ಜನ ಬಾಡಿಗೆಗಿದ್ದಾರೆ ಎನ್ನೋಣ. ನೀನೆಷ್ಟು ಜಾಗ ಬಳಸುತ್ತೀ ಎಂದು ಒಬ್ಬೊಬ್ಬನನ್ನೇ ಕೇಳಿದರೆ ಒಬ್ಬೊಬ್ಬನೂ ತನ್ನ ಕೋಣೆಯ ಜೊತೆಗೆ ನಡುಮನೆಯನ್ನೂ ಸೇರಿಸಿಯೇ ಹೇಳುತ್ತಾನೆ. ಯಾರೂ ಸುಳ್ಳು ಹೇಳುತ್ತಿಲ್ಲ. ನಾಲ್ವರ ಉತ್ತರವನ್ನೂ ಕೂಡಿಸಿ, ಈ ಮನೆಯಲ್ಲಿ ನಾಲ್ಕು ನಡುಮನೆಗಳಿವೆ ಎಂದು ಷರಾ ಬರೆದವನು ಮಾತ್ರ ಮುಠ್ಠಾಳ.

ಅವನು ಕೂಡಿಸಿದ್ದ. ಮೈದುನನ ಪ್ರೋಗ್ರಾಂ ಡೇಟಾಬೇಸಿಗೆ ಅರವತ್ತು ಕನೆಕ್ಷನ್ ತೆರೆದಿಟ್ಟುಕೊಳ್ಳುತ್ತಿತ್ತು, ಒಂದೊಂದಕ್ಕೂ ಒಂದೊಂದು ಪ್ರಾಸೆಸ್ಸು. ಅರವತ್ತು ಸಲ ಅದೇ ನಡುಮನೆಯನ್ನು ಮೈದುನನ ಹೆಸರಿಗೆ ಬರೆದಿದ್ದ. ಒಟ್ಟು ಮೊತ್ತ ಯಂತ್ರದಲ್ಲಿರುವ ಮೆಮೊರಿಯನ್ನೇ ಮೀರಿಹೋಗಿತ್ತು. ಅದನ್ನು ಕಂಡಾದರೂ ಎಚ್ಚರವಾಗಬೇಕಿತ್ತು. ಆದರೆ ಅವನು ಮೊತ್ತವನ್ನು ನೋಡಲೇ ಇಲ್ಲ, ನೇರವಾಗಿ ಪೈ ಚಾರ್ಟ್ ಮಾಡಿದ. ಪೈ ಚಾರ್ಟಿಗೆ ನೂರಕ್ಕಿಂತ ಹೆಚ್ಚು ಗೊತ್ತಿಲ್ಲ. ಏನು ತುಂಬಿದರೂ ಚೊಕ್ಕವಾಗಿ ಒಂದೇ ದುಂಡಾಗುತ್ತದೆ. ಮೈದುನನ ಪಾಲಿಗೆ ಕೆಂಪು ಬಣ್ಣ ಬಂತು. ದುಂಡಿನಲ್ಲಿ ಮುಕ್ಕಾಲು ಕೆಂಪು.

ಈಗ ನೋಡಿದರೆ ಆ ಮುಕ್ಕಾಲಿನಲ್ಲಿ ಮೈದುನನದು ಎನ್ನಬಹುದಾದದ್ದು ಒಂದು ಗೆರೆಯಷ್ಟಿತ್ತು.

ಊರಿನ ಅಷ್ಟೂ ಆಸ್ಪತ್ರೆಗಳ ರಕ್ತಪರೀಕ್ಷೆಯ ಫಲಿತಾಂಶಗಳು ಈ ಕಂಪನಿಯ ಮೂರು ಸರ್ವರ್‌ಗಳನ್ನು ಹಾದು ಹೋಗುತ್ತಿದ್ದವು. ಯಂತ್ರ ಮೂರು, ಮೂರಕ್ಕೂ ಸೇರಿ ಡಿಸ್ಕ್ ಒಂದೇ. ಒಬ್ಬರ ಕಾಗದದ ಮೇಲೆ ಇನ್ನೊಬ್ಬರು ಗೀಚಬಾರದಲ್ಲ, ಅದಕ್ಕೊಂದು ಕಟ್ಟುಪಾಡು ಇತ್ತು. ಪ್ರತಿಯೊಂದು ಯಂತ್ರವೂ ಆ ಡಿಸ್ಕಿನ ಒಂದು ಮೂಲೆಯಲ್ಲಿ ಕ್ಷಣಕ್ಷಣಕ್ಕೂ 'ನಾನಿದ್ದೇನೆ' ಎಂದು ಗುರುತು ಹಾಕುತ್ತಿರಬೇಕು. ಗುರುತು ತಡವಾದರೆ ಉಳಿದೆರಡು ಸೇರಿ ಅದು ಸತ್ತಿತೆಂದು ನಿರ್ಧರಿಸಿ ಹೊರಗೆ ಹಾಕುತ್ತವೆ. ಒಳಗೆ ಅದು ಬದುಕಿಯೇ ಇರಬಹುದು. ಹೇಳಲು ಪುರುಸೊತ್ತಾಗದಷ್ಟು ಒದ್ದಾಡುತ್ತಿರಬಹುದು. ಅದನ್ನು ವಿಚಾರಿಸುವ ಪದ್ಧತಿ ಇಲ್ಲ.

ಎರಡು ವಾರದ ಹಿಂದೆ ಮೂರನೆಯ ಯಂತ್ರ ಹಾಗೆ ಹೊರಗೆ ಬಿತ್ತು. ಅದರ ಹೊರೆ ಉಳಿದೆರಡರ ತಲೆಗೆ ಬಂತು, ಅವೂ ಮಂಡಿಯೂರಿದವು. ಮುಂಜಾನೆಯಿಡೀ ಒಂದು ಆಸ್ಪತ್ರೆಗೂ ರಿಪೋರ್ಟ್ ಹೋಗಲಿಲ್ಲ. ಫೋನುಗಳು ಹುಚ್ಚೆದ್ದು ಬಡಿದುಕೊಂಡವು. ಸಂಜೆಯೊಳಗೆ ಕಾರಣ ಬೇಕೆಂದು ಕಂಪನಿಯ ಮುಖ್ಯಸ್ಥೆ ಮೇಡಂ ಕೂತರು. ಅವನು ಕಾರಣ ಕೊಟ್ಟ, ಕೆಂಪು ಬಣ್ಣದಲ್ಲಿ.

ಇಂದು ಇನ್ನೊಂದು ಕಾರಣ ಕಣ್ಣೆದುರಿಗೆ ಕೂತಿತ್ತು. ಯಂತ್ರ ಬೀಳುವುದಕ್ಕೆ ಸ್ವಲ್ಪ ಮೊದಲು ಅದರ ಹಂಚಿಕೆಯ ಜಾಗವನ್ನು ಒಬ್ಬರು ಹಿಗ್ಗಿಸಿದ್ದರು. ಹಾಗೆ ಹಿಗ್ಗಿಸಿ, ಯಂತ್ರಕ್ಕೆ ಉಸಿರಾಡಲೂ ಜಾಗ ಬಿಟ್ಟಿರಲಿಲ್ಲ. ಅದು ಮೆಮೊರಿಯಿಂದ ಡಿಸ್ಕಿಗೆ, ಡಿಸ್ಕಿನಿಂದ ಮೆಮೊರಿಗೆ ಸಾಮಾನು ಸಾಗಿಸುತ್ತಲೇ ಸುಸ್ತಾಗಿ ಗುರುತು ಹಾಕುವುದನ್ನು ತಪ್ಪಿಸಿಕೊಂಡಿತ್ತು. ಆ ಒಬ್ಬರು ಅವನೇ. ಸರ್ವರ್ ಚುರುಕಾಗಲಿ ಎಂದು ಮಾಡಿದ್ದು. ಮಾಡಿ ಮರೆತದ್ದು.

ಸರಿಪಡಿಸುವುದು ಕಷ್ಟವಿರಲಿಲ್ಲ. ಒಂದು ಅಂಕಿಯನ್ನು ಇಳಿಸಿ ಯಂತ್ರವನ್ನು ನಿಲ್ಲಿಸಿ ಮತ್ತೆ ಶುರುಮಾಡಬೇಕು, ಅಷ್ಟೇ. ಆದರೆ ನಿಲ್ಲಿಸಲು ಮೇಡಂ ಅನುಮತಿ ಬೇಕು. ಅನುಮತಿ ಕೇಳಿದರೆ ಯಾಕೆ ಎನ್ನುತ್ತಾರೆ.

ಅವನು ಪರದೆಯನ್ನು ಆರಿಸಿದ. ಕಪ್ಪು ಗಾಜಿನಲ್ಲಿ ಅವನ ಮುಖ ಕಂಡಿತು. ಓದಿದವರ ಮುಖ. ಮತ್ತೆ ಹಚ್ಚಿದ.

ಹೆಂಡತಿಯ ಫೋನ್ ಬಂತು.

"ಕೆಲಸದಲ್ಲಿದ್ದೀರಾ?"

"ಹೂಂ."

"ಗ್ಯಾಸ್ ಬಂತು. ಅದಕ್ಕೇ ಮಾಡ್ದೆ."

"ಸರಿ."

ಅವಳು ಫೋನ್ ಇಡಲಿಲ್ಲ. ಅವಳ ಹಿಂದೆ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಿತ್ತು. ಎರಡು ವಾರದಿಂದ ಅವಳು ಅವನೊಂದಿಗೆ ಗ್ಯಾಸ್, ಕೀಲಿ, ಹಾಲು ಇಷ್ಟರ ಬಗ್ಗೆಯೇ ಮಾತಾಡುತ್ತಿದ್ದಳು. ಜಗಳವಾಡಿದ್ದರೆ ಎಷ್ಟೋ ವಾಸಿ.

"ಇವತ್ತಲ್ವಾ ಮೀಟಿಂಗು?"

"ಹೌದು."

"ನೀವು ಏನಾದ್ರೂ ಹೇಳ್ತೀರಾ?"

"ಕೇಳಿದ್ರೆ ಹೇಳ್ತೀನಿ."

"ಕೇಳಿದ್ರೆ," ಎಂದಳು ಅವಳು. "ಅವನ ಪರವಾಗಿ ಮಾತಾಡಿ ಅಂತ ನಾನು ಹೇಳಲ್ಲ ರೀ. ನಿಜ ಇದ್ದದ್ದು ಹೇಳಿ ಸಾಕು."

ನಿಜ ಇದ್ದದ್ದು. ಅವನು ನಗಲು ಹೋಗಿ ಕೆಮ್ಮಿದ.

ಮೈದುನ ಅವರ ಮನೆಯ ಹಿಂದಿನ ಕೋಣೆ ಸೇರಿ ಎರಡು ವರ್ಷವಾಗಿತ್ತು. ಕಂಪನಿಗೆ ಸೇರಿಸಿದವನೂ ಭಾವನೇ. ಹುಡುಗ ಒಳ್ಳೆಯವನು, ಅದೇ ತೊಂದರೆ. ಕೆಟ್ಟವನಾಗಿದ್ದರೆ ಬಾಯಿತುಂಬ ಬೈಯಬಹುದಿತ್ತು. ಬಚ್ಚಲಿನಲ್ಲಿ ಗಂಟಲು ಹರಿಯುವಂತೆ ಹಾಡುತ್ತಿದ್ದ. ಒದ್ದೆ ಟವೆಲನ್ನು ಸೋಫಾದ ಬೆನ್ನಿಗೆ ಹಾಕುತ್ತಿದ್ದ. ಪೇಪರನ್ನು ತಾನು ಮೊದಲು ಬಿಡಿಸಿ, ಮಡಿಕೆ ತಪ್ಪಿಸಿ, "ತಗೊಳ್ಳಿ ಭಾವ" ಎಂದು ಪ್ರೀತಿಯಿಂದ ಕೊಡುತ್ತಿದ್ದ. ಹುಡುಗ ಎಷ್ಟು ಜಾಗ ಹಿಡಿಯುತ್ತಾನೆ ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಸೋಫಾ, ಟೀವಿ, ಬಚ್ಚಲು, ಬಾಲ್ಕನಿ, ಊಟದ ಮೇಜು. ಇಡೀ ಮನೆಯೇ ಹುಡುಗನದಾದಂತೆ ಕಾಣುತ್ತಿತ್ತು.

ಊಟಕ್ಕೆ ಕೂತರೆ ಅಕ್ಕತಮ್ಮ ಹಳೆಯ ಮಾತು ತೆಗೆಯುತ್ತಿದ್ದರು. "ಅಕ್ಕಾ, ಆ ನೀಲಿ ಬಕೆಟ್ಟು" ಎಂದು ತಮ್ಮ ಅನ್ನುವುದೇ ತಡ, ಇಬ್ಬರಿಗೂ ತುತ್ತು ನೆತ್ತಿಗೇರುವಷ್ಟು ನಗು. ಬಕೆಟ್ಟಿನಲ್ಲಿ ಏನಿತ್ತು ಎಂದು ಅವನು ಒಮ್ಮೆ ಕೇಳಿದ್ದ. "ಅಯ್ಯೋ, ಅದು ಹೇಳಿದ್ರೆ ನಗು ಬರಲ್ಲ ಬಿಡ್ರೀ" ಎಂದು ಅವಳು ಕಣ್ಣೊರೆಸಿಕೊಂಡಿದ್ದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಅವನ ಮಾತಿಗೆ ಹಾಗೆ ನಕ್ಕದ್ದಿಲ್ಲ. ಅವನು ತಲೆ ತಗ್ಗಿಸಿ ಊಟ ಮುಗಿಸಿ ಏಳುತ್ತಿದ್ದ. ಅವನು ಎದ್ದದ್ದು ಅವರಿಗೆ ಗೊತ್ತಾಗುತ್ತಿರಲಿಲ್ಲ.

ಚಾರ್ಟಿನಲ್ಲಿ ಮುಕ್ಕಾಲು ಕೆಂಪು ಕಂಡಾಗ ಅವನಿಗೆ ಆಶ್ಚರ್ಯವಾಗಲಿಲ್ಲ. ಇಲ್ಲೇ ಇತ್ತು ಎಡವಟ್ಟು. ಬೇರೆ ಯಾರದೇ ಹೆಸರು ಹಾಗೆ ಬಂದಿದ್ದರೂ ಮೂರು ಸಲ ಕೂಡಿ ಕಳೆದು ನೋಡುತ್ತಿದ್ದ. ಇದನ್ನು ಒಂದೇ ಸಲಕ್ಕೆ ನಂಬಿದ. ಮನಸ್ಸಿನಲ್ಲಿ ಮೊದಲೇ ಬರೆದಿಟ್ಟುಕೊಂಡಿದ್ದ ಉತ್ತರಕ್ಕೆ ಲೆಕ್ಕ ಬಂದು ತಾನಾಗಿ ಕೂತಿತ್ತು.

ಅಂದು ಮೇಡಂ ಎದ್ದು ನಿಂತು ಅವನ ಕೈ ಕುಲುಕಿದ್ದರು. ಸ್ವಂತ ಮೈದುನ ಎಂದು ಮುಖ ನೋಡಲಿಲ್ಲ, ಇಂಥವರು ಬೇಕು ಎಂದಿದ್ದರು. ಅಲ್ಲಿಂದಾಚೆಗೆ ಕಾರಿಡಾರಿನಲ್ಲಿ ಜನ ಅವನಿಗೆ ದಾರಿ ಬಿಡುತ್ತಿದ್ದರು. ಹನ್ನೆರಡು ವರ್ಷ ಸರಿಯಾದ ಲೆಕ್ಕ ಕೊಟ್ಟಾಗ ಅವನ ಹೆಸರೂ ಗೊತ್ತಿರದಿದ್ದವರು ಒಂದು ತಪ್ಪು ಲೆಕ್ಕಕ್ಕೆ ನಮಸ್ಕಾರ ಹೇಳತೊಡಗಿದ್ದರು.

ಕಾಫಿ ಯಂತ್ರದ ಹತ್ತಿರ ಡಿಸ್ಕಣ್ಣ ನಿಂತಿದ್ದ. ಸ್ಟೋರೇಜ್ ನೋಡಿಕೊಳ್ಳುವವನು; ಆಫೀಸು ಇಟ್ಟ ಹೆಸರು, ಈಗ ತನ್ನ ಹೆಂಡತಿಯೂ ಹಾಗೆಯೇ ಕರೆಯುತ್ತಾಳೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

"ಬನ್ನಿ ನ್ಯಾಯಾಧೀಶರೇ," ಎಂದ ಡಿಸ್ಕಣ್ಣ.

"ಒಂದು ಕೇಳ್ಬೇಕಿತ್ತು. ಮೂರನೇ ಯಂತ್ರ ಬೀಳೋದಕ್ಕೆ ಬೇರೆ ಏನಾದ್ರೂ ಕಾರಣ ಇರಬಹುದಾ?"

"ಯಾಕೆ? ಮತ್ತೆ ಏನಾದ್ರೂ ಕಾಣಿಸ್ತಾ?"

"ಇಲ್ಲಪ್ಪ. ಸುಮ್ನೆ."

ಡಿಸ್ಕಣ್ಣ ಅವನನ್ನೇ ನೋಡಿದ. ಲೋಟ ಊದಿದ. "ನೋಡಿ ಸರ್, ನಿಮ್ಮ ಸಂಕಟ ನನಗರ್ಥ ಆಗುತ್ತೆ. ಮನೆಗೆ ಹೋಗಿ ಮುಖ ತೋರ್ಸಬೇಕಲ್ಲ. ಆದ್ರೆ ಈಗ ಮಾತು ಬದಲಾಯಿಸಿದ್ರೆ ಜನ ಏನಂತಾರೆ? ಹೆಂಡ್ತಿ ಕಿವಿ ಹಿಂಡಿದ್ಲು ಅಂತಾರೆ. ಬಂದಿರೋ ಹೆಸರನ್ನ ಯಾಕೆ ಕೆಡಿಸ್ಕೋತೀರ?"

"ಹಾಗಲ್ಲ. ಲೆಕ್ಕದಲ್ಲೇ..."

"ಲೆಕ್ಕ ಅಂದ್ರೆ ನೆನಪಾಯ್ತು," ಎಂದು ಡಿಸ್ಕಣ್ಣ ಆಗಲೇ ನಗಲು ಶುರುಮಾಡಿದ. "ನಮ್ಮ ಹಣಕಾಸಿನ ಸಾಹೇಬ್ರ ಮೂವತ್ತು!"

ಅದು ಆಫೀಸಿನ ಹಳೆಯ ನಗು. ಹಣಕಾಸಿನ ಮುಖ್ಯಸ್ಥರು ಒಮ್ಮೆ ಮೂರು ಸರ್ವರ್‌ಗಳನ್ನೂ ತೆರೆಸಿ ನೋಡಿದರು. ಪ್ರತಿಯೊಂದೂ ಹತ್ತು ಟೀಬಿ ಡಿಸ್ಕ್ ಎಂದು ತೋರಿಸಿತು. ನಮ್ಮಲ್ಲಿ ಮೂವತ್ತು ಟೀಬಿ ಇದೆ, ಹೊಸದು ಯಾಕೆ ಬೇಕು ಎಂದು ಅವರು ತುಂಬಿದ ಸಭೆಯಲ್ಲಿ ಗುಡುಗಿದರು. ಇದ್ದದ್ದು ಮೂರಕ್ಕೂ ಸೇರಿ ಅದೊಂದೇ ಹತ್ತು. ಆ ದಿನ ಎಲ್ಲರಿಗಿಂತ ಹೆಚ್ಚು ನಕ್ಕವನು ಅವನು. ಮನೆಯಲ್ಲೂ ಹೇಳಿದ್ದ. ಆಗ ಮೈದುನ ತೊಡೆ ತಟ್ಟಿ ನಕ್ಕು, "ಭಾವ, ನಿಮ್ಮ ಮುಂದೆ ಅವರ ಆಟ ನಡೆಯುತ್ತಾ" ಎಂದಿದ್ದ. ಮನೆಯಲ್ಲಿ ಅವನ ಮಾತಿಗೆ ನಗು ಬಿದ್ದ ಒಂದೇ ಸಂದರ್ಭ ಅದು.

"ಮೂವತ್ತು!" ಎಂದು ಡಿಸ್ಕಣ್ಣ ಇನ್ನೊಮ್ಮೆ ಅಂದು ಕಣ್ಣೊರೆಸಿಕೊಂಡ.

ಅವನೂ ನಕ್ಕ. ಕಾಫಿ ಅಂಗಿಯ ಮೇಲೆ ಚೆಲ್ಲಿತು.

ಅಂಗಿ ತೊಳೆಯಲು ಹೋಗುವಾಗ ಮೆಟ್ಟಿಲ ತಿರುವಿನಲ್ಲಿ ಮೈದುನ ಸಿಕ್ಕಿದ. ಬೇಕೆಂದೇ ಅಲ್ಲಿ ಕಾಯುತ್ತಿದ್ದವನಂತೆ ಕಂಡ. ಎರಡು ವಾರದಿಂದ ಮನೆಯಲ್ಲಿ ಇಬ್ಬರೂ ಮುಖಾಮುಖಿಯಾಗಿರಲಿಲ್ಲ. ಭಾವ ಏಳುವ ಮೊದಲೇ ಹುಡುಗ ಹೊರಟುಬಿಡುತ್ತಿದ್ದ. ಬಚ್ಚಲಿನಿಂದ ಹಾಡು ಕೇಳದೆ ಮನೆ ತೆಪ್ಪಗಿತ್ತು. ಅವನು ಬಯಸಿದ್ದೇ ಅದು, ಆದರೆ ಬೆಳಿಗ್ಗೆ ಗಡ್ಡ ಹೆರೆಯುವಾಗ ಆ ಹಾಡಿಗಾಗಿಯೇ ಕಿವಿಗೊಡುತ್ತಿದ್ದ.

"ಭಾವ, ಒಂದು ನಿಮಿಷ."

"ಹೇಳು."

"ನನಗೆ ನಿಮ್ಮ ಮೇಲೆ ಬೇಜಾರಿಲ್ಲ. ಅದನ್ನ ಹೇಳೋಣ ಅಂತ."

ಅವನು ಅಂಗಿಯ ಕಲೆಯನ್ನು ಉಜ್ಜಿದ.

"ಮೊದಮೊದಲು ಸಿಟ್ಟು ಬಂದಿತ್ತು," ಎಂದ ಮೈದುನ. "ಆಮೇಲೆ ಕೂತು ನನ್ನ ಪ್ರೋಗ್ರಾಂನ ಮತ್ತೆ ಮತ್ತೆ ಓದಿದೆ. ನೀವು ಹೇಳಿದ್ದೇ ಸರಿ. ಅರವತ್ತು ಕನೆಕ್ಷನ್ ಯಾಕೆ ಬೇಕಿತ್ತು ನನಗೆ? ಹತ್ತರಲ್ಲಿ ಆಗ್ತಿತ್ತು. ದುರಾಸೆ ಭಾವ. ನನ್ನದು ಬೇಗ ಮುಗೀಲಿ ಅಂತ ಮಿಕ್ಕವರ ಬಗ್ಗೆ ಯೋಚನೆ ಮಾಡ್ಲಿಲ್ಲ. ಮನೇಲೂ ಹಾಗೇ ಇದ್ದೆ ಅನ್ಸುತ್ತೆ."

"ಮನೆ ವಿಷಯ ಯಾಕೀಗ?"

"ಸುಮ್ನೆ ಅಂದೆ."

ಹುಡುಗನ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಇಲ್ಲದ ತಪ್ಪನ್ನು ಹುಡುಕಿ ಹುಡುಕಿ, ಸಿಕ್ಕಿತೆಂದು ನಂಬಿ, ಅದನ್ನು ಈಗ ಗೌರವದಿಂದ ತಂದು ಅವನ ಕೈಗೆ ಕೊಡುತ್ತಿದ್ದ. ಅರವತ್ತು ಕನೆಕ್ಷನ್ ಹೆಚ್ಚೆಂದರೆ ಒಂದು ಸೋಮಾರಿತನ. ಅದರಿಂದ ಯಾವ ಯಂತ್ರವೂ ಬೀಳುವುದಿಲ್ಲ. ಆ ಒಂದು ವಾಕ್ಯ ಅವನ ಗಂಟಲಿನವರೆಗೆ ಬಂತು. ಮೆಟ್ಟಿಲಿನ ಮೇಲೆ ಯಾರೂ ಇರಲಿಲ್ಲ. ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

"ಊಟ ಆಯ್ತಾ?" ಎಂದ.

"ಇಲ್ಲ ಭಾವ. ಹೋಗ್ತಿಲ್ಲ ಒಳಗೆ."

"ಸ್ವಲ್ಪ ಏನಾದ್ರೂ ತಿನ್ನು."

ಅವನು ಮೆಟ್ಟಿಲಿಳಿದು ಹೋಗಿ, ನಲ್ಲಿ ಬಿಟ್ಟು, ತನಗೆ ತಾನೇ ಅಸಹ್ಯಪಡುತ್ತ ಬಹಳ ಹೊತ್ತು ಅಂಗಿ ತೊಳೆದ.

ಮೀಟಿಂಗಿನ ಕೋಣೆಯಲ್ಲಿ ತಂಪು ಹೆಚ್ಚಾಗಿತ್ತು. ಒದ್ದೆ ಅಂಗಿ ಎದೆಗೆ ಅಂಟಿತು. ಮೇಡಂ ಮಧ್ಯದಲ್ಲಿ, ಅವರ ಬಲಕ್ಕೆ ಹಣಕಾಸಿನ ಮುಖ್ಯಸ್ಥರು, ಎಡಕ್ಕೆ ಡಿಸ್ಕಣ್ಣ. ಮೈದುನ ಬಾಗಿಲ ಬಳಿಯ ಕುರ್ಚಿಯಲ್ಲಿ, ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡು. ಗೋಡೆಯ ಮೇಲೆ ಅವನ ಚಾರ್ಟನ್ನು ಹಾಕಿದ್ದರು. ಗೋಡೆಗೆ ಬಂದ ಮೇಲೆ ಕೆಂಪು ಇನ್ನೂ ದೊಡ್ಡದಾಗಿತ್ತು.

"ನಿಮಗೆ ಇದು ಕಷ್ಟದ ಮೀಟಿಂಗು ಅಂತ ನಮಗೆಲ್ಲ ಗೊತ್ತಿದೆ," ಎಂದರು ಮೇಡಂ ಅವನಿಗೆ. "ಬೇಕಿದ್ರೆ ನೀವು ಹೊರಗೆ ಇರಬಹುದು."

"ಬೇಡ. ನಾನು ಒಂದು ಮಾತು ಹೇಳ್ಬೇಕು. ಆ ಚಾರ್ಟ್ ಬಗ್ಗೆ."

"ಹೇಳಿ."

"ಆ ಅಂಕಿ ಪೂರ್ತಿ ಸರಿ ಇಲ್ದೆ ಇರಬಹುದು."

ಹಣಕಾಸಿನವರು ಮುಗುಳ್ನಕ್ಕರು. "ಎರಡು ವಾರ ಸರಿ ಇತ್ತಲ್ಲ ಸ್ವಾಮಿ?"

"ಕೂಡಿಸೋವಾಗ ತಪ್ಪಾಗಿದೆ. ತಪ್ಪು ನಂದು."

ಹೇಳಿಯಾಗಿತ್ತು. ಸಿಡಿಲೇನೂ ಬಡಿಯಲಿಲ್ಲ. ಡಿಸ್ಕಣ್ಣ ಮೇಜನ್ನು ನೋಡಿದ. ಮೇಡಂ ಕನ್ನಡಕ ತೆಗೆದಿಟ್ಟರು; ಅವರ ಮುಖದಲ್ಲಿ ಕೋಪದ ಬದಲು ಎಂಥದೋ ಮರುಕವಿತ್ತು.

"ನಿಮ್ಮ ಜಾಗದಲ್ಲಿ ನಾನಿದ್ರೂ ಇದನ್ನೇ ಹೇಳ್ತಿದ್ದೆ," ಎಂದರು. "ಕೆಲಸಕ್ಕೆ ಸೇರಿಸಿದವರು ನೀವು. ಆ ಹೊರೆ ನಿಮ್ಮನ್ನ ಬಿಡ್ತಿಲ್ಲ."

"ಹಾಗಲ್ಲ ಮೇಡಂ. ನಿಜವಾಗಿ..."

"ಹೊಸ ಅಂಕಿ ಏನಾದ್ರೂ ಇದ್ರೆ ತೋರ್ಸಿ ಮತ್ತೆ. ನಾವು ನೋಡೋದಕ್ಕೇ ಕೂತಿದ್ದೀವಿ."

ಡಿಸ್ಕಣ್ಣ ಪ್ರೊಜೆಕ್ಟರಿನ ವೈರನ್ನು ಅವನ ಕಡೆಗೆ ತಳ್ಳಿದ.

ಲ್ಯಾಪ್‌ಟಾಪ್ ಅವನ ಮುಂದೆಯೇ ಇತ್ತು. ಅದರೊಳಗೆ ಬೆಳಗ್ಗಿನ ಪರದೆ ಹಾಗೆಯೇ ತೆರೆದಿತ್ತು: ಆ ಎಂಟು, ಅದರೊಳಗಿನ ಚಿಟಿಕೆ, ಹಿಗ್ಗಿಸಿದ ಅಂಕಿ, ಹಿಗ್ಗಿಸಿದವನ ಹೆಸರು. ವೈರ್ ಸಿಕ್ಕಿಸಿದರೆ ಗೋಡೆಯ ಮೇಲಿನ ಕೆಂಪು ಅಳಿಸಿಹೋಗುತ್ತಿತ್ತು. ಆಮೇಲೆ ಹಣಕಾಸಿನವರು ನಗುತ್ತಿದ್ದರು. ಮೂವತ್ತು ಎಂದು ಹಂಗಿಸಿಕೊಂಡ ಮನುಷ್ಯ ಎದೆಯುಬ್ಬಿಸಿ ನಗುತ್ತಿದ್ದರು, ಮತ್ತು ಆ ನಗು ಕಾಫಿ ಯಂತ್ರದವರೆಗೆ, ಮೆಟ್ಟಿಲಿನವರೆಗೆ, ವರ್ಷಗಟ್ಟಲೆ ಹೋಗುತ್ತಿತ್ತು. ಅವನು ಕೆಲಸ ಹೋಗುವುದಕ್ಕೆ ಅಷ್ಟಾಗಿ ಹೆದರಲಿಲ್ಲ. ಆ ನಗುವಿಗೆ ಹೆದರಿದ.

"ಹೊಸದೇನಿಲ್ಲ," ಎಂದ. "ನನಗೆ ಹಾಗೆ ಅನ್ನಿಸ್ತು."

ಬಾಗಿಲ ಬಳಿ ಕುರ್ಚಿ ಕಿರುಗುಟ್ಟಿತು. ಮೈದುನ ಎದ್ದು ನಿಂತಿದ್ದ. ಅವನ ಕಣ್ಣು ತುಂಬಿತ್ತು.

"ಮೇಡಂ, ಭಾವ ನನ್ನನ್ನ ಉಳಿಸೋದಕ್ಕೆ ಹೀಗೆ ಹೇಳ್ತಿದ್ದಾರೆ. ದಯವಿಟ್ಟು ನಂಬಬೇಡಿ. ತಪ್ಪು ನಂದು. ಅರವತ್ತು ಕನೆಕ್ಷನ್ ತೆರೆದವನು ನಾನು. ನಾನೇ ಬಿಡ್ತೀನಿ ಕೆಲಸ."

ಹಣಕಾಸಿನವರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. "ಇಂಥ ಭಾವ, ಇಂಥ ಮೈದುನ," ಎಂದರು, "ಈ ಕಾಲದಲ್ಲಿ!"

ಅಲ್ಲಿಗೆ ಮುಗಿಯಿತು. ಮೇಡಂ ಅವನ ಭುಜ ಮುಟ್ಟಿ ಹೊರಗೆ ಹೋದರು. ಅವನಿಗೆ ಮೈಯೆಲ್ಲ ಹಗುರಾಯಿತು. ನಾಚಿಕೆಗೇಡಿನ ವಿಷಯ, ಆದರೆ ಹಗುರಾದದ್ದು ಸುಳ್ಳಲ್ಲ. ನಿಜವನ್ನು ಹೇಳಿಯೂ ಆಗಿತ್ತು, ಅದರ ಬೆಲೆ ಕೊಡದೆ ಪಾರಾಗಿಯೂ ಆಗಿತ್ತು. ಈ ಹಗುರ ಎಷ್ಟು ಹೊತ್ತು ಇರುತ್ತದೆ ಎಂದು ಯೋಚಿಸುತ್ತ ಅವನು ಬಂದು ತನ್ನ ಕುರ್ಚಿಯಲ್ಲಿ ಕೂತ. ಮೂರನೆಯ ಯಂತ್ರವನ್ನು ಒಮ್ಮೆ ನೋಡಿದ. ಆಸ್ಪತ್ರೆಗಳ ಸಂಜೆಯ ಸರದಿ ಶುರುವಾಗುವುದರಲ್ಲಿತ್ತು, ಹೊರೆ ಮೆಲ್ಲಗೆ ಏರುತ್ತಿತ್ತು. ಅಂಕಿಯನ್ನು ಇಳಿಸಬೇಕಿತ್ತು. ಇಳಿಸಲು ನಿಲ್ಲಿಸಬೇಕಿತ್ತು. ನಿಲ್ಲಿಸಲು ಕೇಳಬೇಕಿತ್ತು. ಈಗಷ್ಟೇ ಹೊಸದೇನಿಲ್ಲ ಎಂದು ಬಂದವನು ಏನೆಂದು ಕೇಳುವುದು? ನಾಳೆ ನೋಡೋಣ ಎಂದುಕೊಂಡು ಬ್ಯಾಗು ಹೆಗಲಿಗೇರಿಸಿದ.

ಬೀದಿಯಲ್ಲಿ ಜನ ಸಾಲುಸಾಲಾಗಿ ಮನೆಗೆ ಹೋಗುತ್ತಿದ್ದರು. ಪ್ರತಿಯೊಬ್ಬರೂ ಇಡೀ ರಸ್ತೆ ತಮ್ಮದೆಂಬಂತೆ ನಡೆಯುತ್ತಿದ್ದರು. ಅವನು ಅಂಚಿಗೆ ಸರಿದು ನಡೆದ.

ಬಾಗಿಲು ತೆರೆದ ಹೆಂಡತಿ ಅವನ ಕೈಯಿಂದ ಬ್ಯಾಗು ತೆಗೆದುಕೊಂಡಳು. ಎರಡು ವಾರದಲ್ಲಿ ಮೊದಲ ಸಲ. ಅವಳ ಮೂಗಿನ ತುದಿ ಕೆಂಪಾಗಿತ್ತು.

"ನೀವು ಹೇಳಿದ್ರಂತೆ," ಎಂದಳು.

"ಏನು?"

"ಎಲ್ಲರ ಮುಂದೆ. ತಪ್ಪು ನಂದು ಅಂತ. ಅವನು ಫೋನಲ್ಲೇ ಅತ್ತುಬಿಟ್ಟ."

ಅವನು ಚಪ್ಪಲಿ ಬಿಟ್ಟ. ಒಂದನ್ನು ಬಿಟ್ಟು ಇನ್ನೊಂದನ್ನು ಬಿಡದೆ ಹಾಗೆಯೇ ನಿಂತ.

"ಅದು ನಿಜ ಕಣೇ."

"ಯಾವುದು?"

"ತಪ್ಪು ನಂದೇ. ಅವನದೇನೂ ಇಲ್ಲ. ಲೆಕ್ಕ ಹಾಕಿದ್ದು ತಪ್ಪು, ಯಂತ್ರ ಕೆಡಿಸಿದ್ದೂ ನಾನೇ."

ಅವಳು ತನ್ನ ಅಂಗೈಯನ್ನು ಅವನ ಬಾಯಿಗೆ ಅಡ್ಡ ಹಿಡಿದಳು. ಅಂಗೈಯಲ್ಲಿ ಸೋಪಿನ ವಾಸನೆ ಇತ್ತು. "ಸಾಕು ಬಿಡ್ರೀ. ಇನ್ನೂ ಎಷ್ಟು ಅಂತ ಹೊತ್ಕೋತೀರ? ನಾನೊಬ್ಬಳು ಪಾಪಿ, ನಿಮ್ಮನ್ನ ಏನೇನೋ ಅಂದ್ಕೊಂಡಿದ್ದೆ."

ಅವನು ಆ ಕೈಯನ್ನು ಸರಿಸಬಹುದಿತ್ತು. ಕೈ ಬೆಚ್ಚಗಿತ್ತು. ಸರಿಸಲಿಲ್ಲ.

"ಇನ್ನೊಂದು ಕೆಲಸ ಸಿಗೋ ತನಕ ಅವನು ಇಲ್ಲೇ ಇರ್ತಾನೆ," ಎಂದಳು. "ಬೇರೆ ರೂಮು ನೋಡ್ಕೋತೀನಿ ಅಂತಿದ್ದ. ಭಾವ ಇಷ್ಟು ಮಾಡಿರುವಾಗ ಎಲ್ಲಿಗೆ ಹೋಗ್ತೀಯಾ ಅಂತ ಬೈದೆ. ನಿಮ್ಮನ್ನ ಕೇಳದೆ ಹೇಳ್ಬಿಟ್ಟೆ."

"ಒಳ್ಳೇದಾಯ್ತು," ಎಂದ ಅವನು.

ಮೈದುನ ಒಳಗಿನಿಂದ ನೀರು ತಂದು ಕೊಟ್ಟ. ಸೋಫಾದ ಮೇಲೆ ಟವೆಲ್ ಇರಲಿಲ್ಲ. ಪೇಪರು ಮಡಿಕೆ ಕೆಡದೆ ಮೇಜಿನ ಮೇಲಿತ್ತು. ಹುಡುಗ ನಿಂತೇ ಇದ್ದ, ಅಪ್ಪಣೆಗೆ ಕಾಯುವವನಂತೆ. ಇನ್ನು ಮೇಲೆ ಹೀಗೆಯೇ ಇರುತ್ತಾನೆ ಎಂದು ಅವನಿಗೆ ಹೊಳೆಯಿತು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಇದೇ ಮನೆಯಲ್ಲಿ, ಇದೇ ಕೃತಜ್ಞತೆಯ ಮುಖ ಹೊತ್ತುಕೊಂಡು.

"ಕೂತ್ಕೋ," ಎಂದ ಅವನು. ಮಾತು ಆಜ್ಞೆಯಂತೆ ಕೇಳಿಸಿತು.

ಅಕ್ಕತಮ್ಮ ಇಬ್ಬರೂ ಅವನ ಎರಡು ಪಕ್ಕದಲ್ಲಿ ಕೂತರು. ಯಾವಾಗಲೂ ಅವರಿಬ್ಬರು ಸೋಫಾದಲ್ಲಿ, ಅವನು ಕಿಟಕಿಯ ಬಳಿಯ ಕುರ್ಚಿಯಲ್ಲಿ. ಇಂದು ಯಾರೂ ಹೇಳದೆಯೇ ಅವನನ್ನು ನಡುವೆ ಕೂರಿಸಿಕೊಂಡಿದ್ದರು. ಸೋಫಾ ಮೂವರಿಗೆ ಇಕ್ಕಟ್ಟು. ಎಡಗಡೆಯಿಂದ ಅವಳ ಭುಜ, ಬಲಗಡೆಯಿಂದ ಹುಡುಗನ ಭುಜ ಅವನಿಗೆ ತಾಗಿಕೊಂಡಿತ್ತು.

"ನಿಮಗೆ ಗೊತ್ತಾ," ಎಂದಳು ಹೆಂಡತಿ, "ಇವನು ಚಿಕ್ಕವನಿದ್ದಾಗ ಒಂದ್ಸಲ ಮಾಳಿಗೆ ಹತ್ತಿದ್ದ. ಇಳಿಯೋಕೆ ಬರ್ಲಿಲ್ಲ."

"ಅಕ್ಕಾ, ಏಣಿ ತೆಗೆದವಳು ನೀನು. ಅದನ್ನೂ ಹೇಳು ಭಾವಂಗೆ."

"ಹೇಳ್ತೀನಿ ಇರು. ನೀವು ಕೇಳಿ ಇಲ್ಲಿ."

ಅವರು ಅವನಿಗೆ ಹೇಳುತ್ತಿದ್ದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಇಬ್ಬರೂ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡಬರುತ್ತ, ಅವನ ಮುಖ ನೋಡಿ ನೋಡಿ ಹೇಳುತ್ತಿದ್ದರು. ಅವನ ಎದೆ ತುಂಬಿ ಬಂತು. ಇದನ್ನು ಎಷ್ಟು ಬಯಸಿದ್ದೆ ಎಂದು ಅವನಿಗೆ ಅದೇ ಕ್ಷಣಕ್ಕೆ ಗೊತ್ತಾಯಿತು. ನಗಬೇಕಾದ ಜಾಗದಲ್ಲಿ ಅವನು ನಕ್ಕ. ಅವಳು ಅವನ ಮೊಣಕೈ ಹಿಡಿದುಕೊಂಡು ತಾನೂ ನಕ್ಕಳು.

ಆಗ ಪ್ಯಾಂಟಿನ ಜೇಬಿನಲ್ಲಿ ಫೋನ್ ನಡುಗಿತು.

ಸದ್ದಿಲ್ಲದ ನಡುಕ. ಒಮ್ಮೆ ನಿಂತು ಮತ್ತೆ ಶುರುವಾಯಿತು. ಕರೆಯಾಗಿದ್ದರೆ ಬೇರೆ ರೀತಿ. ಹೀಗೆ ಬಿಟ್ಟೂ ಬಿಡದೆ ನಡುಗುವುದು ಸರ್ವರ್ ಬಿದ್ದರೆ ಮಾತ್ರ. ಯಾರಾದರೂ ನೋಡುವ ತನಕ ನಿಲ್ಲದಿರಲಿ ಎಂದು ಅವನೇ ಹಾಗೆ ಹೊಂದಿಸಿದ್ದ. ತೆಗೆದು ನೋಡುವ ಅಗತ್ಯವಿರಲಿಲ್ಲ. ಸಂಜೆಯ ಹೊರೆ ಏರಿದೆ. ಮೂರನೆಯದು ಗುರುತು ಹಾಕುವುದನ್ನು ತಪ್ಪಿಸಿಕೊಂಡಿದೆ. ಉಳಿದೆರಡು ಅದನ್ನು ಹೊರಗೆ ಹಾಕಿವೆ. ಯಾವುದೋ ಆಸ್ಪತ್ರೆಯಲ್ಲಿ ಯಾರದೋ ರಕ್ತದ ಫಲಿತಾಂಶಕ್ಕೆ ಯಾರೋ ಕಾಯುತ್ತಿದ್ದಾರೆ. ಈ ಸಲ ಕೆಂಪು ಬಳಿಯಲು ಯಾರೂ ಉಳಿದಿಲ್ಲ.

ಅವನು ಕೈ ಜೇಬಿಗೆ ಒಯ್ಯಲಿಲ್ಲ. ಒಯ್ದರೆ ಏಳಬೇಕು. ಎದ್ದರೆ ಯಾಕೆ ಎನ್ನುತ್ತಾರೆ.

ಮಾತು ನಿಂತಿತು. ಇಕ್ಕಟ್ಟಿನ ಸೋಫಾದಲ್ಲಿ ಆ ನಡುಕ ಅವನ ತೊಡೆಯಿಂದ ಎರಡೂ ಕಡೆಗೆ ಹಬ್ಬಿತ್ತು.

"ಅಕ್ಕಾ," ಎಂದ ಮೈದುನ ದನಿ ತಗ್ಗಿಸಿ, "ಭಾವ ನಡುಗ್ತಿದ್ದಾರೆ."

ಅವಳು ಅವನ ಮುಖಕ್ಕೆ ಬಾಗಿ ನೋಡಿದಳು. "ಏನಾಯ್ತು ರೀ? ಚಳಿನಾ?"

"ಹೂಂ," ಎಂದ ಅವನು.

ಅವಳು ಎದ್ದು ಹೋಗಿ ಒಳಗಿನಿಂದ ದಪ್ಪ ಶಾಲು ತಂದು ಅವನ ಕುತ್ತಿಗೆಯಿಂದ ಪಾದದವರೆಗೆ ಹೊದಿಸಿ, ಅಂಚುಗಳನ್ನು ಒಳಗೆ ಸೇರಿಸಿ, ಮತ್ತೆ ಪಕ್ಕದಲ್ಲಿ ಕೂತಳು. ಅವನು ಶಾಲಿನೊಳಗೆ ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಅಲುಗಾಡದೆ ಕೂತಿದ್ದ. ಅದು ಮತ್ತೆ ನಡುಗಿತು, ನಿಂತಿತು, ಮತ್ತೆ ನಡುಗಿತು. ಅಕ್ಕತಮ್ಮ ಎರಡೂ ಕಡೆಯಿಂದ ಅವನನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿ ಹಿಡಿದರು.